ಡಬ್ಲ್ಯೂಎಸ್‌ಜೆಟಿ-ಎಕ್ಸ್: ಕಲಬುರಗಿಯ ಮಾಳಿಗೆಯಿಂದ ಒಂದು ವಿಮರ್ಶೆ

ಹವ್ಯಾಸಿ ರೇಡಿಯೊದವರು ಕ್ಷೀಣ ಸಂಕೇತಗಳಲ್ಲೂ ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ವಿನಿಮಯ ಮಾಡಿಕೊಳ್ಳಲು ಉಚಿತವಾಗಿ ದೊರೆಯುವ ಡಬ್ಲ್ಯೂಎಸ್‌ಜೆಟಿ-ಎಕ್ಸ್ ತಂತ್ರಾಂಶವನ್ನು ಕಲಬುರಗಿಯ ನಮ್ಮ ಮನೆಯಲ್ಲಿ ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಮಾಳಿಗೆಯ ಮೇಲೆ ಎರಡು ಬಿದಿರಿನ ಗಳಗಳ ನಡುವೆ ಬಿಗಿದ ತಾಮ್ರದ ತಂತಿಯೇ ನನ್ನ ಆಂಟೆನಾ, ಹೊರಡುವ ಶಕ್ತಿ 20 ವ್ಯಾಟ್. ಇಷ್ಟರಲ್ಲೇ ಸಂಜೆ ಹೊತ್ತು 14.074 ಮೆಗಾಹರ್ಟ್ಸ್‌ನಲ್ಲಿ ಜಪಾನಿನವರೊಂದಿಗೂ ಇಟಲಿಯವರೊಂದಿಗೂ ಸಂಪರ್ಕ ಸಾಧ್ಯವಾಗಿದೆ.

ಇದರ ಶ್ರೇಯಸ್ಸು 2017ರಲ್ಲಿ ಬಂದ, ಚುಟುಕು ಸಂದೇಶಗಳನ್ನು ಸ್ವರಗಳಾಗಿಸಿ ಕಳುಹಿಸುವ ಎಫ್‌ಟಿ8 ವಿಧಾನಕ್ಕೆ ಸಲ್ಲಬೇಕು. ಅದನ್ನು ಸ್ಟೀವ್ ಫ್ರಾಂಕ್ ಅವರೊಡನೆ ರೂಪಿಸಿದ ಜೋ ಟೇಲರ್ ಅವರು ಜೋಡಿ ಪಲ್ಸಾರ್‌ನ ಶೋಧಕ್ಕಾಗಿ 1993ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ವಿಜ್ಞಾನಿ. ಕೇವಲ 50 ಹರ್ಟ್ಸ್ ಅಗಲದಲ್ಲಿ ಎಂಟು ಸ್ವರಗಳನ್ನು ಬಳಸಿ 12.64 ಸೆಕೆಂಡುಗಳಲ್ಲಿ ಒಂದು ಸಂದೇಶ ಹೊರಡುತ್ತದೆ. 2500 ಹರ್ಟ್ಸ್ ಅಗಲದ ಗದ್ದಲದ ಶಕ್ತಿಯಲ್ಲಿ ನೂರರಲ್ಲೊಂದು ಪಾಲಿನಷ್ಟೇ ಇರುವ, ಕಿವಿಗೆ ಸುಳಿವೂ ಸಿಗದ ಸಂಕೇತವನ್ನು ತಂತ್ರಾಂಶ ಓದಿ ಹೇಳುತ್ತದೆ. ಓಣಿಯ ಬೋರ್‌ವೆಲ್ ಮೋಟಾರುಗಳೂ ಮನೆಮನೆಯ ಇನ್ವರ್ಟರುಗಳೂ ಎಬ್ಬಿಸುವ ಗದ್ದಲದ ನಡುವೆ ಇದರ ಬೆಲೆ ಏನೆಂಬುದು ನನಗೆ ಚೆನ್ನಾಗಿ ಗೊತ್ತು.

ಆದರೆ ಇಡೀ ವಿಧಾನ ನಿಂತಿರುವುದು ಗಡಿಯಾರದ ಮೇಲೆ. ಪ್ರತಿ 15 ಸೆಕೆಂಡಿಗೊಮ್ಮೆ ಸರದಿ ಬದಲಾಗುವುದರಿಂದ ಎರಡೂ ಕಡೆಯ ಸಮಯ ಸೆಕೆಂಡಿನ ಮಟ್ಟಿಗೆ ಹೊಂದಿರಬೇಕು. ನಾನು ಬಳಸುವ ಅಂಗೈಯಗಲದ ಬೋರ್ಡ್ ಕಂಪ್ಯೂಟರಿನಲ್ಲಿ ಬ್ಯಾಟರಿಯಿರುವ ಗಡಿಯಾರವಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು, ಆಗಲೇ ಇಂಟರ್‌ನೆಟ್ ಕೂಡ ಇಲ್ಲವಾದರೆ ಸಮಯ ತಪ್ಪುತ್ತದೆ. ಆಗ ಪರದೆಯ ಮೇಲೆ ಸಂಕೇತಗಳ ಗೆರೆಗಳು ಸ್ಪಷ್ಟವಾಗಿ ಇಳಿಯುತ್ತಿದ್ದರೂ ಒಂದಕ್ಷರವೂ ಮೂಡುವುದಿಲ್ಲ. ಹೊಸಬರು ಆಂಟೆನಾ ಬಿಚ್ಚಿ ಕಟ್ಟುತ್ತಾ ಇಡೀ ಸಂಜೆ ಕಳೆದದ್ದನ್ನು ನಾನೇ ಕಂಡಿದ್ದೇನೆ.

ನಾನು ಮೊದಲು ಬಯಸುವ ಸುಧಾರಣೆ ಇಲ್ಲಿಯೇ ಇದೆ. ಓದಿದ ಪ್ರತಿ ಸಂದೇಶದ ಎದುರು ಡಿಟಿ ಎಂಬ ಅಂಕಣದಲ್ಲಿ ಅದರ ಸಮಯದ ಅಂತರ ಕಾಣುತ್ತದೆ. ನಮ್ಮ ಗಡಿಯಾರ ಸರಿಯಿದ್ದರೆ ಬಹುಪಾಲು ಸ್ಟೇಷನ್ನುಗಳ ಅಂತರ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಎಲ್ಲವೂ ಒಂದೇ ದಿಕ್ಕಿಗೆ ಒಂದು ಸೆಕೆಂಡು ಸರಿದಿದ್ದರೆ ತಪ್ಪು ಅವರದ್ದಲ್ಲ, ನಮ್ಮದು. ಈ ಅಂಕಿಗಳ ಮಧ್ಯಾಂಕ ತೆಗೆದು, ಮಿತಿ ಮೀರಿದಾಗ ಎಚ್ಚರಿಸಿದರೆ, ಏನೂ ಓದಲಾಗದ ಸ್ಥಿತಿ ಬರುವ ಮೊದಲೇ ಸಮಯವನ್ನು ಸರಿಪಡಿಸಿಕೊಳ್ಳಬಹುದು. ಸಂತೋಷದ ಸಂಗತಿಯೆಂದರೆ, ಇದಕ್ಕಾಗಿ ಮೂಲ ತಂತ್ರಾಂಶವನ್ನು ಮುಟ್ಟಬೇಕಾಗಿಲ್ಲ: ಓದಿದ ಸಂದೇಶಗಳನ್ನು ಅದು ಯುಡಿಪಿ ಎಂಬ ಜಾಲ ಸಂವಹನ ವಿಧಾನದ ಮೂಲಕ, ಸಾಮಾನ್ಯವಾಗಿ 2237ನೇ ಪೋರ್ಟಿಗೆ, ಡಿಟಿ ಸಹಿತ ಕಳುಹಿಸಬಲ್ಲದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಯಾವ ವಿದ್ಯಾರ್ಥಿಯೂ ಅದನ್ನು ಹಿಡಿದು ಇಂಥ ಸಹಾಯಕ ಬರೆಯಬಹುದು.

ಒಳಹೊಕ್ಕು ತಿದ್ದುವುದು ಅಷ್ಟು ಸುಲಭವಲ್ಲ. ಪರದೆಯ ಭಾಗ ಸಿ++ ಭಾಷೆ ಮತ್ತು ಕ್ಯೂಟಿ ಎಂಬ ಪರದೆ ರಚನೆಯ ಸಾಧನದಲ್ಲಿದೆ, ಸಂಕೇತ ಓದುವ ಗಣಿತ ಹೆಚ್ಚಾಗಿ ಹಳೆಯ ಪ್ರೋಗ್ರಾಮಿಂಗ್ ಭಾಷೆಯಾದ ಫೋರ್ಟ್ರಾನ್‌ನಲ್ಲಿದೆ. ರೇಡಿಯೊ ನಿಯಂತ್ರಣಕ್ಕೆ ಹ್ಯಾಮ್‌ಲಿಬ್, ತರಂಗ ವಿಶ್ಲೇಷಣೆಗೆ ಎಫ್‌ಎಫ್‌ಟಿಡಬ್ಲ್ಯೂ, ಎಲ್ಲವನ್ನೂ ಜೋಡಿಸಲು ಸಿಮೇಕ್ ಬೇಕು. ಮೊದಲ ಸಲ ಕಂಪೈಲ್ ಮಾಡಲು (ಮೂಲಸಂಕೇತದಿಂದ ಓಡುವ ತಂತ್ರಾಂಶ ಕಟ್ಟಲು) ನನಗೆ ಎರಡು ದಿನ ಹಿಡಿಯಿತು. ಇವೆಲ್ಲವನ್ನೂ ಸಿದ್ಧವಾಗಿಟ್ಟುಕೊಂಡ, ಒಂದೇ ಆಜ್ಞೆಗೆ ತೆರೆದುಕೊಳ್ಳುವ ಕಂಟೇನರ್ ಒಂದಿದ್ದರೆ ಕಾಲೇಜಿನ ಮಕ್ಕಳು ಮೊದಲ ದಿನವೇ ಕೆಲಸಕ್ಕಿಳಿದಾರು. ಫೋರ್ಟ್ರಾನ್ ಭಾಗವನ್ನು ಮಾತ್ರ ಬಲ್ಲವರಿಗೇ ಬಿಡುವುದು ಒಳ್ಳೆಯದೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಕನ್ನಡದ ಬಗ್ಗೆಯೂ ಒಂದು ಮಾತು ಹೇಳಬೇಕು. ಗಾಳಿಯಲ್ಲಿ ಕನ್ನಡ ಹೋಗದು, ಏಕೆಂದರೆ ಮುಕ್ತ ಪಠ್ಯಕ್ಕೆ 13 ಅಕ್ಷರಗಳು, ಅದೂ 42 ಚಿಹ್ನೆಗಳ ಲ್ಯಾಟಿನ್ ಪಟ್ಟಿಯಿಂದ, ಅಷ್ಟೇ ಅವಕಾಶ. ಮೆನುಗಳನ್ನೂ ಎಚ್ಚರಿಕೆಗಳನ್ನೂ ಕನ್ನಡಿಸಲು ಅಂಥ ಅಡ್ಡಿಯಿಲ್ಲ. ಕ್ಯೂಟಿಯ ಅನುವಾದ ಕಡತಗಳನ್ನು ತುಂಬಲು ಪ್ರೋಗ್ರಾಮಿಂಗ್ ಬರಬೇಕೆಂದೂ ಇಲ್ಲ.

ಕೊಳ್ಳುವ ಖರ್ಚಿಲ್ಲದ, ಮೂಲಸಂಕೇತ ತೆರೆದಿಟ್ಟಿರುವ ಈ ತಂತ್ರಾಂಶಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಪರವಾನಗಿ ಪಡೆದವರು ಧಾರಾಳವಾಗಿ ಹಾಕಿಕೊಳ್ಳಬಹುದು. ಭೂಪಟದಲ್ಲಿ ನಮ್ಮ ಚೌಕವನ್ನು ಸೂಚಿಸುವ ಸ್ಥಳ ಸಂಕೇತ ತುಂಬುವಾಗ ಕಲಬುರಗಿ ಮತ್ತು ಬೀದರ್ ನಗರದವರು ಎಂಕೆ87 ಎಂದೂ ಯಾದಗಿರಿ ಪಟ್ಟಣದವರು ಎಂಕೆ86 ಎಂದೂ ಬರೆಯಬೇಕು.