ಐವತ್ತು ದಾಟಿದ ಗಂಡಸರಿಗೆ ವಾಕಿಂಗೋ, ತೂಕ ಎತ್ತೋದೋ?

ಹೊಟ್ಟೆ ಕರಗಬೇಕು, ಪ್ರೋಸ್ಟೇಟೂ (ಮೂತ್ರಕೋಶದ ಕೆಳಗಿನ ಗ್ರಂಥಿ) ಚೆನ್ನಾಗಿರಬೇಕು, ಅಲ್ವಾ? ನಡೆಯುವಾಗ ಕೊಬ್ಬು ಹೆಚ್ಚು ಉರಿಯುತ್ತದೆ. ತೂಕ ಎತ್ತುವಾಗ ದೇಹ ಮುಖ್ಯವಾಗಿ ಸ್ನಾಯುವಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಬಳಸುತ್ತದೆ, ಆದರೆ ಸ್ನಾಯು ಉಳಿಯುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರೋಸ್ಟೇಟ್ ದೊಡ್ಡದಾಗಿ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವವರಿಗೆ ನಾನು ಮೊದಲು ನಡಿಗೆಯನ್ನೇ ಹೇಳುತ್ತೇನೆ. ಪ್ರೋಸ್ಟೇಟ್ ಕ್ಯಾನ್ಸರ್‌ಗೆ ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನು) ತಗ್ಗಿಸುವ ಚಿಕಿತ್ಸೆ ನಡೆಯುತ್ತಿದ್ದರೆ ಮಾತೇ ಬೇರೆ: ಸ್ನಾಯು ಕರಗಿ ಕೊಬ್ಬು ಏರುತ್ತದೆ, ಮೂಳೆಯೂ ಸವೆಯುತ್ತದೆ, ಅಂಥವರು ತೂಕದ ವ್ಯಾಯಾಮ ಬಿಡಲೇಬಾರದು, ಆದರೆ ಕಾಯಿಲೆ ಮೂಳೆಗೆ ಹರಡಿದ್ದರೆ ಡಾಕ್ಟರನ್ನು ಕೇಳದೆ ಸುಮ್ನೆ ಶುರು ಮಾಡಬೇಡಿ.

ಉಳಿದವರಿಗೆ ಎರಡೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, 2 ದಿನ ಸ್ನಾಯುವಿಗೆ ಕೆಲಸ. ಜಿಮ್ಮೇ ಆಗಬೇಕಿಲ್ಲ, ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಪುಷ್‌ಅಪ್ ಮಾಡುವುದರಿಂದ ಶುರು ಮಾಡಿ.