ಸ್ಟೆಪ್ನಿ ಹೊತ್ತ ಕಾರಿಗೆ ಕ್ಯಾರವಾನ್: ಪಿನ್ನು, ಗಿಡ್ಡ ಬಾಲ್, ಉದ್ದ ಬಾಲ್

ಥಾರ್, ಇಕೋಸ್ಪೋರ್ಟ್, ಬೊಲೆರೋ ನಿಯೋ ಜಾತಿಯ ಕಾರುಗಳಲ್ಲಿ ಸ್ಟೆಪ್ನಿ ಹಿಂಬಾಗಿಲ ಮೇಲೇ ಕೂತಿರುತ್ತೆ. ನೋಡೋಕೆ ಗತ್ತು. ಆದರೆ ಹಿಂದೆ ಏನಾದರೂ ಕಟ್ಟಿ ಎಳೆಯೋಣ ಅಂತ ಹೊರಟಾಗಲೇ ಇದರ ಕಾಟ ಗೊತ್ತಾಗೋದು. ಕೊಂಡಿ ಎಲ್ಲಿ ಕೂರಬೇಕೋ ಸರಿಯಾಗಿ ಅದರ ನೆತ್ತಿ ಮೇಲೆ ಆ ಚಕ್ರ ಚಾಚಿಕೊಂಡಿರುತ್ತೆ. ಮುಂದೆ ಬಂಪರ್, ಮೇಲೆ ಟೈರು, ನಡುವೆ ಕೈ ತೂರಿಸೋಕೆ ಜಾಗ ಇಲ್ಲ. ಬಾಗಿಲೂ ಅಷ್ಟೇ, ಮೇಲಕ್ಕೆ ಏಳೋದಿಲ್ಲ, ಪಕ್ಕಕ್ಕೆ ತೆರೆಯುತ್ತೆ. ಟ್ರೇಲರಿನ ಮೂತಿಯಲ್ಲಿ ಏನೇ ನಿಂತಿದ್ದರೂ ಅದಕ್ಕೆ ಹೊಡೆಯುತ್ತೆ.

ನಮ್ಮದು ಒಂದೇ ಆಕ್ಸಲ್ಲಿನ ಸಣ್ಣ ಕ್ಯಾರವಾನ್, ಅಂದರೆ ಟ್ರೇಲರಿನ ಮೇಲೊಂದು ಪುಟ್ಟ ಮನೆ. ಇಬ್ಬರು ಮಲಗಬಹುದು, ಹಿಂದುಗಡೆ ಪುಟ್ಟ ಅಡುಗೆ ಕಟ್ಟೆ, ಸಾಮಾನು ತುಂಬಿದರೆ 600 ಕೆಜಿ ಆಸುಪಾಸು. ದಾವಣಗೆರೆಯಿಂದ ಸೂಳೆಕೆರೆ, ಚಿತ್ರದುರ್ಗ, ವಾಣಿವಿಲಾಸ ಸಾಗರ ಅಂತ ಓಡಾಡೋಕೆ ಸಾಕು. ಅದನ್ನು ಒಂದೇ ಕಾರಿಗೆ ಬೇರೆ ಬೇರೆ ಬಗೆಯಲ್ಲಿ ಕಟ್ಟಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾವುದು ಗಟ್ಟಿ ಅನ್ನೋ ಪ್ರಶ್ನೆಗೆ ಉತ್ತರ ಸುಲಭ, ಸರಿಯಾಗಿ ಮಾಡಿಸಿದರೆ ಎಲ್ಲವೂ ಗಟ್ಟಿಯೇ. ಹಿಂದೆ ಜಾಗ ಇಲ್ಲದ ಕಾರಿನಲ್ಲಿ ಕೇಳಬೇಕಾದ್ದು, ಕೊಂಡಿ ಹಾಕುವಾಗ ಕೈ ಎಲ್ಲಿ ಹೋಗುತ್ತೆ, ಕೊಂಡಿ ಕೂತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತೋ ಅನ್ನೋದನ್ನು.

ಪಿನ್ನಿನಿಂದ ಶುರು ಮಾಡೋಣ, ಏಕೆಂದರೆ ನಮ್ಮೂರಲ್ಲಿ ಎಲ್ಲರೂ ಅಲ್ಲಿಂದಲೇ ಶುರು ಮಾಡಿಸುತ್ತಾರೆ. ಭತ್ತ, ಮೆಕ್ಕೆಜೋಳದ ಸೀಮೆ, ಟ್ರ್ಯಾಕ್ಟರಿಗೆ ಬರವಿಲ್ಲ. ಪಿ.ಬಿ. ರಸ್ತೆ ಬದಿಯ ಯಾವ ವೆಲ್ಡಿಂಗ್ ಮೇಸ್ತ್ರಿಯನ್ನು ಕೇಳಿದರೂ ಒಂದೇ ಮಾತು: "ಪಿನ್ ಹಾಕ್ಸಿಬಿಡ್ರಿ ಸರ, ಟ್ರ್ಯಾಕ್ಟರು ಲೋಡುಗಟ್ಲೆ ಎಳಿತಾವೆ, ನಿಮ್ದು ಯಾವ ಲೆಕ್ಕ?" ಕಾರಿನ ಕಡೆ ಎರಡು ದಪ್ಪ ಪಟ್ಟಿ, ನಡುವೆ ಟ್ರೇಲರಿನ ಕಣ್ಣು, ಮೇಲಿಂದ ಒಂದು ಪಿನ್ನು, ಕೆಳಗೆ ಕ್ಲಿಪ್ಪು. ಅಗ್ಗ. ಬಾಲ್ (ಕಾರಿನ ಹಿಂದೆ ಕೂರುವ ಕಬ್ಬಿಣದ ಗುಂಡು) ಜೋಡಿಸೋಕೆ ಬೇಕಾದಷ್ಟು ನಾಜೂಕೂ ಬೇಡ, ಹೆಚ್ಚೂಕಡಿಮೆ ನೇರಕ್ಕೆ ತಂದರೆ ಸಾಕು, ಪಿನ್ನು ತನ್ನಷ್ಟಕ್ಕೆ ಇಳಿಯುತ್ತೆ.

ರಸ್ತೆಗೆ ಇಳಿದ ಮೇಲೆ ಅದರ ಬಣ್ಣ ಬಯಲಾಗುತ್ತೆ. ಪಿನ್ನಿಗಿಂತ ತೂತು ದೊಡ್ಡದಿರಲೇಬೇಕು, ಇಲ್ಲದಿದ್ದರೆ ಇಳಿಯೋದಿಲ್ಲ. ಆ ಸಡಿಲವೇ ಪ್ರತಿ ಸಲ ಬ್ರೇಕ್ ಒತ್ತಿದಾಗ 'ಟಕ್' ಅಂತ ಹಿಂದಿನಿಂದ ಗುದ್ದುತ್ತೆ, ಗೇರ್ ಬದಲಿಸಿದಾಗ 'ಟಕ್' ಅಂತ ಜಗ್ಗುತ್ತೆ. ಹೊಲದ ದಾರಿಯಲ್ಲಿ ನಿಧಾನಕ್ಕೆ ಹೋಗುವ ಟ್ರ್ಯಾಕ್ಟರಿಗೆ ಇದು ಲೆಕ್ಕಕ್ಕಿಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಭರಮಸಾಗರ ದಾಟುವಷ್ಟರಲ್ಲಿ ಬೆನ್ನಿನ ಮೂಳೆ ಒಂದೊಂದೂ ಲೆಕ್ಕಕ್ಕೆ ಸಿಗುತ್ತೆ. ಇನ್ನೊಂದು, ಟ್ರೇಲರಿನ ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗ ಅದು ಓರೆಯಾಗಬೇಕು. ಬಾಲ್ ಆದರೆ ಎಲ್ಲ ಕಡೆಗೂ ತಿರುಗಿಕೊಡುತ್ತೆ. ಪಿನ್ನು ಹಾಗೆ ಓರೆಗೆ ತಿರುಗೋದಿಲ್ಲ, ಆ ತಿರುಚನ್ನೆಲ್ಲ ಕಾರಿನ ಹಿಂಭಾಗದ ಪಟ್ಟಿಗಳೇ ತಿನ್ನಬೇಕು.

ನಮ್ಮಂಥ ಕಾರಿಗೆ ಪಿನ್ನು ಹೊಂದದೇ ಇರೋಕೆ ಅಸಲಿ ಕಾರಣ ಬೇರೆ. ಪಿನ್ನನ್ನು ಮೇಲಿಂದ ಇಳಿಬಿಡಬೇಕು ಅಂದರೆ ಪಿನ್ನಿನ ಉದ್ದದಷ್ಟು ಜಾಗ ಮೇಲೆ ಬೇಕು. ಅಲ್ಲಿ ಸ್ಟೆಪ್ನಿ ಇದೆ. "ಹಂಗಾದ್ರೆ ಕೆಳಗಿಂದ ತೂರ್ಸೋಣ" ಅಂತ ಒಬ್ಬ ಮೇಸ್ತ್ರಿ ಹೇಳಿದರು. ಯಾರು ಹೇಳಿದರೂ ಅದಕ್ಕೆ ಒಪ್ಪಬೇಡಿ. ಮೇಲಿಂದ ಹಾಕಿದ ಪಿನ್ನು ಕ್ಲಿಪ್ ಕಳಚಿದರೂ ತನ್ನ ತಲೆ ಮೇಲೆ ನಿಂತಿರುತ್ತೆ. ಕೆಳಗಿಂದ ಹಾಕಿದ್ದು ಕ್ಲಿಪ್ ಹೋದ ಕ್ಷಣ ರಸ್ತೆಗೆ ಬೀಳುತ್ತೆ, ಹಿಂದೆಯೇ ಕ್ಯಾರವಾನೂ.

ಗಿಡ್ಡ ಬಾಲ್ ಅಂದರೆ ಬಂಪರಿಗೆ ಅಂಟಿದಂತೆ ಚಪ್ಪಟೆ ಪ್ಲೇಟಿನ ಮೇಲೆ ಎರಡು ಬೋಲ್ಟಿನಲ್ಲಿ ಕೂರುವ ಬಾಲ್. ಯುರೋಪಿನ ಅಳತೆಯದ್ದಾದರೆ ಬೋಲ್ಟ್ ತೂತುಗಳ ನಡುವೆ 90 ಮಿಲಿಮೀಟರ್, ಬಾಲಿನ ವ್ಯಾಸ 50 ಮಿಲಿಮೀಟರ್. ಈ 50ರ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಅಮೆರಿಕದ ಅಳತೆಯ ಎರಡು ಇಂಚಿನ ಬಾಲ್ ಕೂಡ ಸಿಗುತ್ತೆ, ಅದು 50.8 ಮಿಲಿಮೀಟರ್. ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ. 50ರ ಕಪ್ಲಿಂಗ್ (ಬಾಲಿನ ಮೇಲೆ ಕೂತು ಹಿಡಿಯುವ, ಟ್ರೇಲರಿನ ಕಡೆಯ ಬಟ್ಟಲು) ಅದರ ಮೇಲೆ ಸರಿಯಾಗಿ ಕೂತು ಲಾಕ್ ಆಗೋದಿಲ್ಲ, ಎರಡು ಇಂಚಿನ ಕಪ್ಲಿಂಗಿಗೆ 50ರ ಬಾಲ್ ಕೊಟ್ಟರೆ ಸಡಿಲ. ವರ್ನಿಯರ್ ಹಿಡಿದು ಅಳೆದೇ ತನ್ನಿ.

ಓಡಿಸೋಕೆ ಗಿಡ್ಡ ಬಾಲ್‌ನಷ್ಟು ಹಿತವಾದದ್ದು ಇನ್ನೊಂದಿಲ್ಲ. ಆ ಟಕಟಕ ಇಲ್ಲ, ಹಿಂದೆ ಕ್ಯಾರವಾನ್ ಇದೆ ಅನ್ನೋದೇ ಮರೆಯುತ್ತೆ. ಬಾಲ್ ಹಿಂದಿನ ಆಕ್ಸಲ್ಲಿಗೆ ಹತ್ತಿರ ಇದ್ದಷ್ಟೂ ಟ್ರೇಲರು ಕಾರಿನ ಬಾಲ ಹಿಡಿದು ಅಲ್ಲಾಡಿಸೋದು ಕಡಿಮೆ. ಕಷ್ಟ ಎಲ್ಲಾ ನಿಂತಾಗಲೇ. ಕಪ್ಲಿಂಗಿನ ಹಿಡಿಯನ್ನು ಮೇಲೆತ್ತಿ ಬಾಲಿನ ಮೇಲೆ ಇಳಿಸಬೇಕು. ಹಿಡಿ ಅರ್ಧ ಏಳುವಷ್ಟರಲ್ಲಿ ಸ್ಟೆಪ್ನಿ ಕವರಿನ ತಳಕ್ಕೆ ತಾಗುತ್ತೆ, ನಡುವೆ ಸಿಕ್ಕ ಬೆರಳ ಗೆಣ್ಣಿನ ಸಿಪ್ಪೆ ಸುಲಿಯುತ್ತೆ. ಕೂತಿದೆಯೋ ಇಲ್ಲವೋ ನೋಡಬೇಕಾದರೆ ಮೊಬೈಲ್ ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ಹಚ್ಚಬೇಕು. ಸೂಳೆಕೆರೆ ಏರಿ ಪಕ್ಕದ ಕೆಸರಲ್ಲಿ ಅದನ್ನು ಮಾಡಿದವರಿಗೇ ಗೊತ್ತು. ನೋಡೋಕೆ ಆಗದಿದ್ದರೂ ಒಂದು ಪರೀಕ್ಷೆ ಇದೆ: ಕೊಂಡಿ ಹಾಕಿದ ಮೇಲೆ ಜಾಕಿ ವೀಲನ್ನು (ಟ್ರೇಲರಿನ ಮೂತಿಯನ್ನು ಎತ್ತಿ ಇಳಿಸುವ ಪುಟ್ಟ ಚಕ್ರ) ಒಂದೆರಡು ಸುತ್ತು ಕೆಳಕ್ಕೆ ತಿರುಗಿಸಿ. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಕೊಂಡಿ ಕೂತಿದೆ ಅಂತ. ಎಲ್ಲಾ ಬಗೆಗೂ ಇದನ್ನು ಬಿಡಬಾರದು, ಗಿಡ್ಡ ಬಾಲಿಗಂತೂ ಇದೊಂದೇ ಗತಿ.

ರಿವರ್ಸಿನಲ್ಲಿ ಇನ್ನೊಂದು ತಾಪತ್ರಯ. ಹೆಚ್ಚು ತಿರುಗಿಸಿದರೆ ಟ್ರೇಲರಿನ ಮೂತಿಯ ಮೇಲಿರುವ ಸಿಲಿಂಡರ್ ಪೆಟ್ಟಿಗೆಯ ಮೂಲೆ ಬಂಪರಿಗೆ ಬರುತ್ತೆ. ಮಂಡಿಪೇಟೆ ಕಡೆಯ ಗಲ್ಲಿಗಳಲ್ಲಿ ಒಂದೇ ಸಲಕ್ಕೆ ತಿರುಗಿಸೋ ಆಸೆ ಬಿಟ್ಟುಬಿಡಬೇಕು.

ಇನ್ನು ಉದ್ದ ಕತ್ತಿನ ಬಾಲ್. ಬಂಪರಿನಿಂದ ಬಾಲನ್ನು ಹಿಂದಕ್ಕೆ ತಳ್ಳಿ, ಸ್ಟೆಪ್ನಿಯ ನೆರಳಿನಿಂದ ಹೊರಗೆ ತರೋದು. ಎರಡು ತರಹ ಮಾಡಿಸಬಹುದು: ಕಾಯಂ ಆಗಿ ಬೆಸುಗೆ ಅಥವಾ ಬೋಲ್ಟ್ ಹಾಕಿದ್ದು, ಇಲ್ಲವೇ ಚೌಕ ಕೊಳವೆಯೊಳಗೆ ತೂರಿಸಿ ಬೇಡವಾದಾಗ ಕಿತ್ತಿಡುವಂಥದ್ದು. ಕಾಯಂ ಇದ್ದದ್ದನ್ನು ನಮ್ಮ ಮನೆಯಲ್ಲಿ ಯಾರೂ ಮೆಚ್ಚಲಿಲ್ಲ. ಡಿಕ್ಕಿಗೆ ತರಕಾರಿ ಚೀಲ ಇಡಲು ಹೋದವರ ಕಣಕಾಲಿಗೆ ಬಡಿಯುತ್ತೆ, ರಿವರ್ಸ್ ಸೆನ್ಸರು ಬಾಲನ್ನೇ ಗೋಡೆ ಅಂತ ತಿಳಿದು ಪೀಂಗುಟ್ಟುತ್ತಲೇ ಇರುತ್ತೆ. ಕಿತ್ತಿಡುವಂಥದ್ದಕ್ಕೆ ಈ ರಗಳೆ ಇಲ್ಲ. ಕೊಳವೆಯೊಳಗೆ ಸ್ವಲ್ಪ ಗಡಗಡ ಇರುತ್ತೆ, ಪಕ್ಕದಿಂದ ಬಿಗಿಯುವ ಒಂದು ಬೋಲ್ಟ್ ಹಾಕಿಸಿದರೆ ನಿಲ್ಲುತ್ತೆ.

ಉದ್ದ ಮಾಡಿದರೆ ಕಾರಿನ ಹಿಂದೆ ಭಾರ ಹೆಚ್ಚಾಗಿ ಮುಂದಿನ ಚಕ್ರ ಹಗುರಾಗುತ್ತೆ ಅಂತ ಗ್ಯಾರೇಜಿನಲ್ಲಿ ಹೆದರಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ಟ್ರೇಲರಿನ ಒಟ್ಟು ತೂಕದ ನೂರಕ್ಕೆ 5ರಿಂದ 7 ಭಾಗ ಮೂತಿಯ ಮೇಲೆ ಇರಬೇಕು ಅನ್ನೋದು ರೂಢಿಯ ಲೆಕ್ಕ. 600 ಕೆಜಿಗೆ 30ರಿಂದ 42 ಕೆಜಿ, 40 ಅನ್ನಿ. ಕಾರಿನ ಎರಡು ಆಕ್ಸಲ್ ನಡುವೆ 2.5 ಮೀಟರ್ ಇದ್ದರೆ, ಕತ್ತನ್ನು 10 ಸೆಂಟಿಮೀಟರ್ ಉದ್ದ ಮಾಡಿದ್ದಕ್ಕೆ ಮುಂದಿನ ಚಕ್ರಗಳಿಂದ ಹೆಚ್ಚುವರಿಯಾಗಿ ಏಳುವ ಭಾರ 1.6 ಕೆಜಿ. ಡಿಕ್ಕಿಯಲ್ಲಿ ಒಂದು ನೀರಿನ ಕ್ಯಾನ್ ಇಟ್ಟರೆ ಅದಕ್ಕಿಂತ ಹೆಚ್ಚು ವ್ಯತ್ಯಾಸ ಆಗುತ್ತೆ. ನಿಂತ ಭಾರಕ್ಕೆ ಹೆದರಬೇಕಿಲ್ಲ.

ಹೆದರಬೇಕಾದ್ದು ಎರಡಕ್ಕೆ. ಒಂದು, ಅಡ್ಡಡ್ಡ ಎಳೆತ. ಬಾಲ್ ದೂರ ಹೋದಷ್ಟೂ ಟ್ರೇಲರಿನ ಓಲಾಟಕ್ಕೆ ಸಿಗುವ ಸನ್ನೆಕೋಲು ಉದ್ದವಾಗುತ್ತೆ. ಇನ್ನೊಂದು, ನಮ್ಮೂರಿನ ಹಂಪುಗಳು. ಹಿಂದಿನ ಚಕ್ರ ಹಂಪ್ ಇಳಿಯುವಾಗ ಮೊದಲು ನೆಲಕ್ಕೆ ತಾಗೋದು ಅತಿ ಹಿಂದೆ, ಅತಿ ಕೆಳಗೆ ಇರುವ ಕಬ್ಬಿಣ. ರೈಲ್ವೆ ಅಂಡರ್‌ಪಾಸಿಗೆ ಇಳಿದು ಮತ್ತೆ ಏರುವ ಕಡೆಯೂ ಇದೇ ಕಥೆ: ಕರ್ರ್ ಅಂತ ಡಾಂಬರು ಕೆರೆದ ಸದ್ದು. ಹಾಗಂತ ಬಾಲನ್ನು ಮನಸ್ಸಿಗೆ ಬಂದಷ್ಟು ಮೇಲೆ ಏರಿಸೋ ಹಾಗೂ ಇಲ್ಲ. ಭಾರ ತುಂಬಿದಾಗ ಬಾಲಿನ ನಡು ನೆಲದಿಂದ 350ರಿಂದ 420 ಮಿಲಿಮೀಟರ್ ಒಳಗಿರಬೇಕು ಅನ್ನೋದು ಯುರೋಪಿನ ಅಳತೆ, ಅಲ್ಲಿಯ ಕ್ಯಾರವಾನುಗಳೂ ಅದಕ್ಕೇ ಹೊಂದಿಕೊಂಡಿರುತ್ತವೆ. ಅದಕ್ಕಿಂತ ಏರಿಸಿದರೆ ಕ್ಯಾರವಾನ್ ಮೂತಿ ಎತ್ತಿಕೊಂಡು, ಅಡುಗೆ ಕಟ್ಟೆ ನೆಲಕ್ಕೆ ಬಗ್ಗುತ್ತೆ. ಮೂತಿಯ ಭಾರವೂ ಇಳಿದು ಓಲಾಟ ಜಾಸ್ತಿಯಾಗುತ್ತೆ.

ಹಾಗಾಗಿ ಉದ್ದಕ್ಕೆ ನಾನು ಹಿಡಿದಿರುವ ಅಳತೆ ಒಂದು ಮುಷ್ಟಿ. ಕಪ್ಲಿಂಗಿನ ಹಿಡಿ ಪೂರ್ತಿ ಎತ್ತಿದಾಗ ಹಿಡಿಗೂ ಸ್ಟೆಪ್ನಿಗೂ ನಡುವೆ ನನ್ನ ಮುಷ್ಟಿ ತೂರಬೇಕು, ಅಷ್ಟಕ್ಕೆ ನಿಲ್ಲಿಸಬೇಕು. ಮೇಸ್ತ್ರಿ "ಇರ್ಲಿ ಬಿಡ್ರಿ, ಇನ್ನೊಂದ್ ನಾಕ್ ಇಂಚು" ಅಂದರೆ ಬೇಡ ಅನ್ನಿ. ಹಿಂಬಾಗಿಲು ತೆರೆಯೋಕೆ ಉದ್ದ ಕತ್ತು ಕೂಡ ಸಾಲೋದಿಲ್ಲ. ಜಾಕಿ ವೀಲಿನ ಹಿಡಿಕೆ ಅಡ್ಡ ಬರುತ್ತೆ. ಅದಕ್ಕೆ ಕ್ಲ್ಯಾಂಪಿನಲ್ಲಿ ಕೂರುವ ಜಾಕಿ ವೀಲ್ ತಗೊಂಡು, ಕೊಂಡಿ ಹಾಕಿದ ಮೇಲೆ ಪೂರ್ತಿ ಬಿಚ್ಚಿ ಕ್ಯಾರವಾನ್ ಒಳಗೆ ಹಾಕೋದೇ ಸರಿ. ಆಗಲೂ ಬಾಗಿಲು ಅರ್ಧ ಮಾತ್ರ ತೆರೆಯುತ್ತೆ. ದಾರಿಯಲ್ಲಿ ಬೇಕಾಗುವ ಮಂಡಕ್ಕಿ, ಮೆಣಸಿನಕಾಯಿ, ನೀರು ಎಲ್ಲಾ ಹಿಂದಿನ ಸೀಟಿಗೆ.

ಓಲಾಟ ತಡೆಯುವ ಕಪ್ಲಿಂಗನ್ನೂ ಹಾಕಿ ನೋಡಿದ್ದೇವೆ. ಬಾಲನ್ನು ಎರಡೂ ಕಡೆಯಿಂದ ಪ್ಯಾಡುಗಳು ಬಿಗಿಯಾಗಿ ಹಿಡಿಯುತ್ತವೆ, ತಿಕ್ಕಾಟದಿಂದಲೇ ಓಲಾಟ ತಗ್ಗುತ್ತೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ಪಕ್ಕದಿಂದ ಹೊಡೆಯುವಾಗ, ಜೊತೆಗೆ ಒಂದು ಕಂಟೇನರ್ ಲಾರಿ ಹಿಂದೆ ಹಾಕಿ ಹೋದಾಗ, ಈ ಕಪ್ಲಿಂಗಿಗೂ ಸಾದಾದ್ದಕ್ಕೂ ಇರುವ ಫರಕು ಸ್ಟಿಯರಿಂಗ್ ಹಿಡಿದ ಕೈಗೆ ತಿಳಿಯುತ್ತೆ. ಆದರೆ ಇದರ ಹಿಡಿ ಉದ್ದ, ಮೇಲಕ್ಕೂ ಕೆಳಕ್ಕೂ ದೊಡ್ಡ ಸುತ್ತು ಬೇಕು, ಗಿಡ್ಡ ಬಾಲಿನ ಜೊತೆ ನಮ್ಮ ಕಾರಿಗೆ ಹಾಕೋಕೇ ಆಗೋದಿಲ್ಲ. ಉದ್ದ ಕತ್ತು ಬೇಕೇ ಬೇಕು. ಸಾದಾ ಕಪ್ಲಿಂಗಿಗೆ ಬಾಲಿಗೆ ಗ್ರೀಸ್ ಹಚ್ಚಬೇಕು, ಇದಕ್ಕೆ ಒಂದು ಹನಿಯೂ ತಾಗಬಾರದು, ಪ್ಯಾಡು ಕೆಡುತ್ತೆ. ಹೊಸ ಬಾಲಿನ ಬಣ್ಣವನ್ನೂ ಉಜ್ಜಿ ತೆಗೆಯಬೇಕು. ಹಿಂದೆ ಭಾರ ತುಂಬಿ ಮೂತಿ ಹಗುರ ಮಾಡಿಕೊಂಡವರನ್ನು ಇದೂ ಕಾಪಾಡೋದಿಲ್ಲ. ಊರಿನ ಸುತ್ತಮುತ್ತ ನಿಧಾನಕ್ಕೆ ಓಡಾಡುವವರಿಗೆ ಇದರ ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಹೆದ್ದಾರಿ ಹಿಡಿಯುವವರು ತಗೊಳ್ಳಿ.

ಕಾರನ್ನು ಕೊಂಡಿಗೆ ತರುವ ವಿಚಾರ. ಬಾಮೈದ ಹಿಂದೆ ನಿಂತು "ಬರ್ರಿ ಭಾವ, ಬರ್ರಿ, ಲೆಫ್ಟಿಗೆ ಕಟ್ ಮಾಡ್ರಿ, ಸಾಕ್ ಸಾಕ್ ಸಾಕ್!" ಅನ್ನೋದು ಒಂದು ಪದ್ಧತಿ. ಮೂರನೇ 'ಸಾಕ್'ಗೆ ಬಂಪರ್ ಆಗಲೇ ಮುಟ್ಟಿರುತ್ತೆ. ರಿವರ್ಸ್ ಕ್ಯಾಮೆರಾ ಇದ್ದರೆ ಉದ್ದ ಬಾಲ್ ಪರದೆಯ ಮೇಲೆ ಕಾಣುತ್ತೆ, ಗಿಡ್ಡದ್ದು ಬಂಪರ್ ಅಂಚಿನ ಹಿಂದೆ ಅಡಗುತ್ತೆ. ಸಿಮೆಂಟಿನ ನೆಲವಾದರೆ ಕಾರನ್ನು ಒಂದು ಮಾರು ದೂರ ನಿಲ್ಲಿಸಿ, ಇಬ್ಬರು ಸೇರಿ ಕ್ಯಾರವಾನನ್ನೇ ಜಾಕಿ ವೀಲ್ ಮೇಲೆ ತಳ್ಳಿಕೊಂಡು ಬರೋದು ಇವೆರಡಕ್ಕಿಂತ ಸುಲಭ. ಮಣ್ಣಿನಲ್ಲಿ ಆಗೋದಿಲ್ಲ, ಪುಟ್ಟ ಚಕ್ರ ಹೂತುಹೋಗುತ್ತೆ.

ಕಬ್ಬಿಣಕ್ಕೆ ದುಡ್ಡು ಸುರಿಯುವ ಮುಂಚೆ ಕಾರಿನ ಕೈಪಿಡಿಯಲ್ಲಿ ಎಳೆಯುವ ಭಾರ ಎಷ್ಟು ಬರೆದಿದೆ ನೋಡಿ. ಎಳೆಯಲೇಬಾರದು ಅಂತ ಇದ್ದರೆ ಇಷ್ಟು ಓದಿದ್ದೇ ದಂಡ. ಟ್ರೇಲರು ಕೂಡ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ಅದಕ್ಕೆ ತನ್ನದೇ ನೋಂದಣಿ ಬೇಕು. ಕಾರಿನ ಕೆಎ-17 ನಂಬರನ್ನೇ ಹಿಂದೆಯೂ ಬರೆಸಿ ಹೊರಡೋದಲ್ಲ.

ಟ್ರೇಲರಿನ ಲೈಟಿನ ಪ್ಲಗ್ಗು ಎಲ್ಲಿ ಕೂರಿಸಬೇಕು ಅನ್ನೋದನ್ನೂ ಬಾಲ್ ಹಾಕಿಸುವಾಗಲೇ ಮೇಸ್ತ್ರಿಗೆ ಹೇಳಿ. ಬಾಲಿನ ಪಕ್ಕದಲ್ಲೇ ಹಾಕಿದರೆ ಅಲ್ಲೂ ಅದೇ ಇಕ್ಕಟ್ಟು, ಬಂಪರಿನ ಎಡಮೂಲೆಗೆ ಸರಿಸಿದರೆ ನಿಂತುಕೊಂಡೇ ಚುಚ್ಚಬಹುದು. ಆಗ ಬಲಕ್ಕೆ ತಿರುಗುವಾಗ ಕೇಬಲ್ ಹೆಚ್ಚು ದೂರ ಹೋಗಬೇಕಾಗುತ್ತೆ. ಖಾಲಿ ಮೈದಾನದಲ್ಲಿ ಎರಡೂ ಕಡೆಗೆ ಪೂರ್ತಿ ಸ್ಟಿಯರಿಂಗ್ ಕಟ್ ಮಾಡಿ, ಕೇಬಲ್ ಬಿಗಿಯದೆ, ನೆಲಕ್ಕೂ ತಾಗದೆ ಇರೋದನ್ನು ನೋಡಿದ ಮೇಲೇ ಅದರ ಉದ್ದ ಕತ್ತರಿಸಿ.