ಬಿಳಿ ಪಿಂಗಾಣಿ ಗೈವಾನ್, 110 ಮಿ.ಲೀ.: ಮೈಸೂರಿನ ನೀರಿಗೆ, ಮೈಸೂರಿನ ಅಡುಗೆಮನೆಗೆ

ಹಾಲು, ಸಕ್ಕರೆ ಹಾಕದೆ ಚೀನಾದ ಟೀ ಕುಡಿಯಲು ಶುರುಮಾಡುವವರು ಮೊದಲು ಕೊಳ್ಳಬೇಕಾದ ಪಾತ್ರೆ ಯಾವುದು? ನಮ್ಮ ಉತ್ತರ: ಚಿತ್ತಾರವಿಲ್ಲದ ಬಿಳಿ ಪಿಂಗಾಣಿ ಗೈವಾನ್. ಬಟ್ಟಲು, ಮುಚ್ಚಳ, ಅಡಿತಟ್ಟೆ, ಇಷ್ಟೇ. ಹಿಡಿಯಿಲ್ಲ, ಮೂತಿಯಿಲ್ಲ, ಜಾಲರಿಯಿಲ್ಲ. ಯಿಷಿಂಗ್ ಊರಿನ ಮಣ್ಣಿನ ಪುಟ್ಟ ಟೀಪಾಟ್ ಕಣ್ಣಿಗೆ ಇನ್ನೂ ಚೆಂದ, ನಿಜ. ಆದರೆ ಅದಕ್ಕೆ ಮೆರುಗು ಹಚ್ಚಿರುವುದಿಲ್ಲ. ಮಣ್ಣು ಪರಿಮಳವನ್ನು ಹೀರಿಕೊಳ್ಳುವುದರಿಂದ ಒಂದು ಪಾಟನ್ನು ಒಂದೇ ಬಗೆಯ ಟೀಗೆ ಮೀಸಲಿಡಬೇಕು. ಪಿಂಗಾಣಿಯಲ್ಲಿ ಬೆಳಿಗ್ಗೆ ಹಸಿರು ಟೀ, ಸಂಜೆ ಹುದುಗಿಸಿ ಮಾಗಿಸಿದ ಪು-ಎರ್ ಟೀ ಮಾಡಿದರೂ ಒಂದರ ವಾಸನೆ ಇನ್ನೊಂದಕ್ಕೆ ಅಂಟುವುದಿಲ್ಲ.

ಜಿಯಾಂಗ್‌ಷಿ ಪ್ರಾಂತ್ಯದ ಜಿಂಗ್‌ಡೆಜೆನ್, ಫೂಜಿಯಾನಿನ ಡೆಹುವಾ, ಎರಡೂ ಪಿಂಗಾಣಿಗೆ ಹೆಸರಾದ ಊರುಗಳು. ಊರಿನ ಹೆಸರಿಗಿಂತ ಬಟ್ಟಲಿನ ಕಂಠ ನೋಡಿ ಕೊಳ್ಳಿ. ಅಂಚು ಹೊರಕ್ಕೆ ಚೆನ್ನಾಗಿ ಅರಳಿರಬೇಕು, ಮುಚ್ಚಳ ಕೂತಮೇಲೆ ಅದರಾಚೆ ಒಂದು ಸೆಂಟಿಮೀಟರಾದರೂ ಅಂಚು ಉಳಿದಿರಬೇಕು. ಬೆರಳು ಹಿಡಿಯುವ ಜಾಗ ಅದೇ. ನೆಟ್ಟಗೆ ನಿಂತ ಅಂಚಿನ ಗೈವಾನ್ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ, ಕೈ ಸುಡುತ್ತದೆ. ಡಬ್ಬಿಯ ಮೇಲೆ ಬರೆದ 110 ಮಿ.ಲೀ. ಬಾಯಿಮಟ್ಟದ ಅಳತೆ. ಮುಚ್ಚಳ ಕೂರುವ ಗೆರೆಯ ತನಕ ಹಿಡಿಯುವುದು ಸುಮಾರು 90 ಮಿ.ಲೀ. ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು ನೀರು ತುಂಬಿ ಒಮ್ಮೆ ನೋಡಿಕೊಳ್ಳಿ, ಯಾಕೆಂದರೆ ಟೀ ಸೊಪ್ಪಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಗೈವಾನಿನ ಗುಣ ತಿಳಿಯಲು ಫೂಜಿಯಾನಿನದೇ ಅನ್‌ಷಿಯ ಟಿಯೆಗ್ವಾನ್‌ಯಿನ್ ಊಲಾಂಗ್‌ಗಿಂತ (ಊಲಾಂಗ್ ಎಂದರೆ ಹಸಿರು, ಕಪ್ಪು ಟೀಗಳ ನಡುವಿನ ಬಗೆ) ಒಳ್ಳೆಯ ಟೀ ಇಲ್ಲ. ಮೊದಲು ಖಾಲಿ ಗೈವಾನಿಗೆ ಕುದಿನೀರು ಹಾಕಿ, ಅರ್ಧ ನಿಮಿಷ ಬಿಟ್ಟು ಚೆಲ್ಲಿ. ಮೈಸೂರಿನಲ್ಲಿ ಇದನ್ನು ಬಿಡಲೇಬಾರದು. ಊರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97.5 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ತಣ್ಣನೆಯ ಪಿಂಗಾಣಿ ಅದರಲ್ಲೂ ಒಂದಷ್ಟು ಶಾಖ ಕಸಿದರೆ ಉಂಡೆಗಟ್ಟಿದ ಎಲೆ ಬಿಚ್ಚಿಕೊಳ್ಳುವುದಿಲ್ಲ. (ಡಿಗ್ರಿ ಹೊಂದಿಸುವ ಕೆಟಲ್ ಇದ್ದರೆ 97ಕ್ಕೆ ಇಡಿ. 100ಕ್ಕೆ ಇಟ್ಟರೆ ಕೆಲವು ಕೆಟಲ್‌ಗಳು ನಿಲ್ಲದೆ ಕುದಿಯುತ್ತಲೇ ಇರುತ್ತವೆ.)

ಬಿಸಿ ಬಟ್ಟಲಿಗೆ 5 ಗ್ರಾಂ ಸೊಪ್ಪು ಹಾಕಿ, ಮುಚ್ಚಿ, ಒಮ್ಮೆ ಅಲುಗಿಸಿ ಮುಚ್ಚಳದ ಒಳಮೈಯನ್ನು ಮೂಸಿ ನೋಡಿ. ಹೂವಿನ ಪರಿಮಳ ಬರಬೇಕು. ಹಳಸಿದ ವಾಸನೆ ಬಂದರೆ ತಪ್ಪು ಗೈವಾನಿನದಲ್ಲ, ಸೊಪ್ಪಿನದು. ಕುದಿನೀರು ಹಾಕಿ ಐದು ಸೆಕೆಂಡಿಗೆ ಚೆಲ್ಲಿ. ಇದು ಎಲೆಯನ್ನು ತೊಳೆದು ಎಬ್ಬಿಸಲು. ಆಮೇಲೆ ಅದೇ ಎಲೆಗೆ ಸುತ್ತು ಸುತ್ತಾಗಿ ಕುದಿನೀರು ಹಾಕಿ ಟೀ ಬಗ್ಗಿಸಿಕೊಳ್ಳಬೇಕು. ಮೊದಲ ಸುತ್ತು 20 ಸೆಕೆಂಡು. ಎಲೆ ಬಿಚ್ಚಿಕೊಂಡಿರುವುದರಿಂದ ಎರಡನೆಯದಕ್ಕೆ 15 ಸಾಕು. ಮೂರನೆಯದಕ್ಕೆ 20, ಅಲ್ಲಿಂದ ಮುಂದೆ ಪ್ರತಿ ಸಲ 10 ಸೆಕೆಂಡು ಹೆಚ್ಚಿಸುತ್ತಾ ಹೋಗಿ. ಆರೇಳು ಸುತ್ತು ಬರುತ್ತದೆ. 5 ಗ್ರಾಂ ಬದಲು 8 ಗ್ರಾಂ ತುಂಬಿದರೆ ನಾಲ್ಕನೇ ಸುತ್ತಿಗೆ ಎಲೆ ಉಬ್ಬಿ ಮುಚ್ಚಳವನ್ನೇ ಎತ್ತುತ್ತದೆ, ಬಗ್ಗಿಸುವಾಗ ಅದು ಜಾರುತ್ತದೆ.

ಬಗ್ಗಿಸುವ ಕ್ರಮ ಹೀಗೆ: ಹೆಬ್ಬೆರಳು, ನಡುಬೆರಳು ಅಂಚಿನ ಎರಡು ಬದಿಗೆ, ತೋರುಬೆರಳು ಮುಚ್ಚಳದ ಗುಬ್ಬಿಯ ಮೇಲೆ. ಮುಚ್ಚಳವನ್ನು ಸ್ವಲ್ಪ ಓರೆ ಮಾಡಿ ಎರಡು ಮೂರು ಮಿಲಿಮೀಟರ್ ಸಂದು ಬಿಡಿ, ಗೈವಾನನ್ನು ಬಾಯಿ ಕೆಳಗಾಗುವಂತೆ ಪೂರ್ತಿ ಬಗ್ಗಿಸಿ ಒಂದೇ ಸಲಕ್ಕೆ ಸುರಿಯಿರಿ. ಹೆದರಿ ಅರೆಬರೆ ಬಗ್ಗಿಸುವವರ ಕೈಯೇ ಹೆಚ್ಚು ಸುಡುವುದು, ಏಕೆಂದರೆ ಹಬೆ ಅಂಚಿನಗುಂಟ ಬೆರಳಿನತ್ತ ನುಗ್ಗುತ್ತದೆ. ನೀರನ್ನು ಮುಚ್ಚಳದ ಗೆರೆ ದಾಟಿ ತುಂಬಿದರೂ ಇದೇ ಪಾಡು. ತಳದಲ್ಲಿ ಒಂದು ಗುಟುಕು ಉಳಿಸಿದರೆ ಅದು ಎಲೆಯ ಜೊತೆ ಬೇಯುತ್ತಾ ಕೂತು ಮುಂದಿನ ಸುತ್ತನ್ನು ಒಗರು ಮಾಡುತ್ತದೆ. ಸುರಿದ ಮೇಲೆ ಮುಚ್ಚಳ ಸ್ವಲ್ಪ ಸರಿಸಿಡಿ.

ಇನ್ನು ನೀರು. ಮೈಸೂರಿರಲಿ, ಮಂಡ್ಯವಿರಲಿ, ಟೀ ಕೆಟ್ಟಿತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಬೋರ್‌ವೆಲ್. ಗಡಸು ನೀರಿನ ಕ್ಯಾಲ್ಸಿಯಂ, ಬೈಕಾರ್ಬನೇಟ್ ಸೇರಿ ಟೀ ಮೇಲೆ ತೆಳ್ಳನೆಯ ಕೆನೆಯಂಥ ಪದರ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ, ಪರಿಮಳ ಸಾಯುತ್ತದೆ. ಕೆಟಲ್ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿದ್ದರೆ ಆ ನೀರು ಬೇಡ. ಕಾವೇರಿ ನೀರು ಇದಕ್ಕಿಂತ ಎಷ್ಟೋ ಮೇಲು. ಕ್ಲೋರಿನ್ ವಾಸನೆಯಿದ್ದರೆ ತೆರೆದ ಪಾತ್ರೆಯಲ್ಲಿ ಕೆಲವು ಗಂಟೆ ಇಟ್ಟು ಬಳಸಿ. ಬರೀ ಆರ್‌ಒ ನೀರಿನಲ್ಲಿ ಟೀ ಸಪ್ಪೆ. ಅದಕ್ಕೆ ಸಮಪಾಲು ಕಾವೇರಿ ನೀರು ಬೆರೆಸಿದರೆ ರುಚಿ ತುಂಬಿಕೊಳ್ಳುತ್ತದೆ.

ಚೀನಾದ ಯುನ್ನಾನ್ ಪ್ರಾಂತ್ಯದ ಮಾಗಿದ ಪು-ಎರ್‌ಗೆ ಈ ಪಾತ್ರೆ ಚೆನ್ನಾಗಿ ಒಗ್ಗುತ್ತದೆ: 5 ಗ್ರಾಂ, ಕುದಿನೀರು, ಎರಡು ಸಲ ತೊಳೆದು ಮೊದಲ ಸುತ್ತು 10 ಸೆಕೆಂಡು. ಜಪಾನಿನ ಹಸಿರು ಟೀ ಸೆಂಚಾಕ್ಕೆ ಮಾತ್ರ ಅರ್ಧ ಮನಸ್ಸಿನ ಒಪ್ಪಿಗೆ. 3 ಗ್ರಾಂ ಸೊಪ್ಪು, 70 ಡಿಗ್ರಿ ನೀರು, ಒಂದು ನಿಮಿಷ, ತೊಳೆಯಬಾರದು. ಕಾಫಿ ಆರಿಸುವ ಹಾಗೆ ಕುದಿನೀರನ್ನು ಲೋಟದಿಂದ ಲೋಟಕ್ಕೆ ಬಗ್ಗಿಸಿದರೆ ಪ್ರತಿ ಸಲ ಸುಮಾರು 10 ಡಿಗ್ರಿ ಇಳಿಯುತ್ತದೆ, ಮೂರು ಸಲ ಸಾಕು. ಆದರೆ ಹೆಚ್ಚು ಹೊತ್ತು ಹಬೆಯಲ್ಲಿ ಬೇಯಿಸಿದ ಸೆಂಚಾದ ಎಲೆ ಪುಡಿಪುಡಿ. ಸಂದಿನಲ್ಲಿ ನುಸುಳಿ ಬಟ್ಟಲಿಗೆಲ್ಲ ಗಸಿ ಬರುತ್ತದೆ. ಅದನ್ನೇ ದಿನಾ ಕುಡಿಯುವವರು ಜಾಲರಿಯಿರುವ ಜಪಾನಿ ಟೀಪಾಟ್ ಕ್ಯೂಸು ಕೊಳ್ಳುವುದೇ ಸರಿ.

ಬಿಸಿ ಗೈವಾನನ್ನು ತಕ್ಷಣ ನಲ್ಲಿಯ ತಣ್ಣೀರಿಗೆ ಒಡ್ಡಬೇಡಿ, ಸೀಳು ಬಿಡುತ್ತದೆ. ಪರಿಮಳದ ಸೋಪು ಬೇಡ. ಕಲೆ ಕೂತರೆ ಒದ್ದೆ ಬಟ್ಟೆಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಉಜ್ಜಿ. ಟೀ ಡಬ್ಬಿಯನ್ನು ಇಂಗು, ಸಾರಿನ ಪುಡಿ ಇರುವ ಕಪಾಟಿನಲ್ಲಿ ಇಡಬೇಡಿ. ಹಸಿರು ಊಲಾಂಗನ್ನು ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದ ಡಬ್ಬಿ ಕೋಣೆಯ ಶಾಖಕ್ಕೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಮಳೆಗಾಲದ ತೇವ ನೇರ ಎಲೆಯ ಮೇಲೆ ಕೂರುತ್ತದೆ.